ಎಲ್ಲರ ಪಾಲಿನ ತಿಲ್ಲಿ

"ಲೇ, ತಿಲ್ಲೀನ ಯಾವ್ ಗುಡ್ಡೆಗೂ ಆಕ್ಬೇಡ ಕಣ್ಲಾ. ಅದು ಚಲುವಕ್ಕನ್ದು. ಬಟ್ಲಿಗೆ ಎತ್ತಿಡು."

ಹೇಳಿದವನು ಮರಿಸಿದ್ದಯ್ಯ. ಹೊಂಗೆಮರದ ಅಡಿ, ಕೊರಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೂ ಕೆಂಪಾಗಿ, ಹಿಡಿದಿದ್ದ ಮಚ್ಚಿನಿಂದಲೇ ತೋರಿಸಿ ಚಿಕ್ಕಬೋರಯ್ಯನಿಗೆ ಹೇಳುತ್ತಿದ್ದ. ಮದ್ದೂರಿನಲ್ಲಿ ಬಸ್ಸು ಬದಲಿಸಿ, ಆತಗೂರಿನಲ್ಲಿ ಇಳಿದು, ಅಲ್ಲಿಂದ ಆಟೋ ಸಿಗದೆ ನಡೆದೇ ಬಂದ ಅರುಂಧತಿ ಕೇರಿಯೊಳಗೆ ಕಾಲಿಟ್ಟಾಗ ಮೊದಲು ಕಿವಿಗೆ ಬಿದ್ದದ್ದು ಈ ಮಾತೇ.

"ಮೂರೂ ಕುರೀದೂನಾ?" ಎಂದ ಚಿಕ್ಕಬೋರಯ್ಯ.

"ಮೂರೂದೂನೂವೆ. ಕೇರಿಯೋರೆಲ್ಲಾ ಒಪ್ಕಂಡವ್ರೆ. ನಿಂಗೇನ್ಲಾ ಒಟ್ಟೆಉರಿ?"

"ನಂಗ್ಯಾಕ್ ಒಟ್ಟೆಉರಿ? ಅಂಗೇ ಮೂಳೇನೂ ಒಸಿ ಚಲುವಕ್ಕಂಗೇ ಕೊಟ್ಬುಡು ಅಂತೀನಿ. ನನ್ ಗುಡ್ಡೇಲಿ ಯಾವಾಗ್ಲೂ ಅದೇ ಜಾಸ್ತಿ."

"ನಿನ್ ಬಾಯಿಗೆ ಮೂಳೆ ಸಿಗಾಕಂಡಿದ್ರೇ ಕೇರಿ ಒಸಿ ತಣ್ಣಗಿರ್ತದೆ ಕಣ್ಲಾ. ಅದ್ಕೇ ಆಕ್ತೀನಿ."

ಟಾರ್ಪಾಲಿನ ಸುತ್ತ ಪಾತ್ರೆ ಹಿಡಿದು ನಿಂತಿದ್ದವರೆಲ್ಲ ನಕ್ಕರು.

ಅಂದು ವರ್ಷತೊಡಕು. ಯುಗಾದಿಯ ದಿನ ಒಬ್ಬಟ್ಟು ತಿಂದ ಬಾಯಿಗೆ ಮಾರನೆಯ ದಿನ ಬಾಡು ಬೀಳದಿದ್ದರೆ ಆ ಸೀಮೆಯಲ್ಲಿ ವರ್ಷ ಶುರುವಾದಂತೆಯೇ ಅಲ್ಲ. ಅಂಗಡಿಯ ಬಾಡನ್ನು ಕೇರಿಯವರು ನಂಬುವುದಿಲ್ಲ. ಮಳವಳ್ಳಿ ಕಡೆಗೆ ಹೋಗಿ, ಬಂಡೂರಿನಲ್ಲೇ ನಿಂತು, ಬೆನ್ನು ತಡವಿ ಬಾಲ ಹಿಡಿದು ನೋಡಿ ಕುರಿ ತರುತ್ತಾರೆ. ಕೊಯ್ದಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಈ ಗುಡ್ಡೆಯ ನ್ಯಾಯ ಬಲು ಬಿಗಿ. ಮನೆಯಲ್ಲಿ ಇಬ್ಬರಿರಲಿ, ಹತ್ತು ಜನರಿರಲಿ, ಗುಡ್ಡೆ ಒಂದೇ ಅಳತೆ. ಕುರಿಯ ಮೈಯಲ್ಲಿ ಏನೇನಿದೆಯೋ ಅದೆಲ್ಲ ಒಂದೊಂದು ಚೂರು ಪ್ರತಿ ಗುಡ್ಡೆಗೂ ಬೀಳಬೇಕು. ಗುಂಡಿಗೆ ಅಷ್ಟೇ ಇರುವುದು, ಎಲ್ಲಿಂದ ತರುವುದು ಎನ್ನುವ ಹಾಗಿಲ್ಲ; ಹುಣಸೆಬೀಜದಷ್ಟು ಬಂದರೂ ಸರಿ, ಬರಬೇಕು. ಒಂದು ವರ್ಷ ಒಂದು ಕಿಡ್ನಿ ಇಡಿಯಾಗಿ ಯಾರದೋ ಗುಡ್ಡೆಗೆ ಜಾರಿಹೋಯಿತೆಂದು ಎರಡು ಮನೆಯವರು ಮುಂದಿನ ಯುಗಾದಿಯವರೆಗೂ ಮಾತು ಬಿಟ್ಟಿದ್ದರು. ಅಂಥ ಕೇರಿಯಲ್ಲಿ ಕುರಿಯ ಹೊಟ್ಟೆಯ ಎಡಮಗ್ಗುಲಿಗೆ ಅಂಟಿಕೊಂಡಿರುವ, ಅಂಗೈಯಗಲದ, ಕಪ್ಪೇ ಎನ್ನುವಷ್ಟು ಕೆಂಪಗಿನ ತಿಲ್ಲಿಯನ್ನು, ಮೂರಕ್ಕೆ ಮೂರನ್ನೂ, ಒಂದೇ ಮನೆಗೆ ಎತ್ತಿಡುತ್ತಿದ್ದಾರೆ ಎಂದರೆ ಅದು ಸಣ್ಣ ಮಾತಲ್ಲ.

"ಓ, ಇಲಿ ಡಾಕ್ಟ್ರಮ್ಮ ಬಂದ್ಳು ಕಣ್ರಪ್ಪಾ!" ಎಂದು ಮೊದಲು ಅವಳನ್ನು ಕಂಡವಳು ಇಂದ್ರಮ್ಮ. ಚಲುವಮ್ಮನ ಪಕ್ಕದ ಮನೆಯವಳು. "ಏನವ್ವಾ, ಎಂಗವೆ ನಿನ್ ಇಲಿಗೋಳು? ಯುಗಾದಿಗೆ ಅವುಕ್ಕೂ ಒಬ್ಬಟ್ಟು ಆಕ್ದ್ಯಾ?"

"ಆಕ್ದೆ, ಬೆಲ್ಲ ಕಮ್ಮಿ ಅಂದ್ವು," ಎಂದಳು ಅರುಂಧತಿ. ಹಾಗೆ ಅನ್ನುವಾಗಲೂ ಅವಳ ಕಣ್ಣು ಆ ಸ್ಟೀಲಿನ ಬಟ್ಟಲ ಮೇಲೇ ಇತ್ತು.

ಅವಳು ಡಾಕ್ಟರಲ್ಲ. ಮೈಸೂರಿನ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುವ ಹುಡುಗಿ. ಕ್ಯಾನ್ಸರ್ ಬರಿಸಿದ ಬಿಳಿ ಇಲಿಗಳ ಬಾಲದ ರಕ್ತನಾಳಕ್ಕೆ ಒಂದು ಔಷಧಿ ಚುಚ್ಚುವುದು, ಅವುಗಳ ಪಕ್ಕೆಯಲ್ಲಿ ಬೆಳೆದ ಗಡ್ಡೆಯನ್ನು ಅಳೆಯುವುದು, ಬರೆದಿಡುವುದು. ಪುಸ್ತಕದಲ್ಲಿ ಗುಲ್ಮ ಎನ್ನುವ ತಿಲ್ಲಿಯೇ ಅವಳ ವಿಷಯ. ರೋಗದ ವಿರುದ್ಧ ಕಾದಾಡುವ ಕಣಗಳು ಗುಲ್ಮದಲ್ಲಿ ತುಂಬ ಇರುತ್ತವೆ. ಅವನ್ನು ಕೆಣಕಿ ಎಬ್ಬಿಸಿದರೆ ಅವೇ ಹೋಗಿ ಗಡ್ಡೆಯನ್ನು ತಿಂದು ಹಾಕಬಹುದೇ ಎಂದು ನೋಡುವುದು ಅವಳ ಗುಂಪಿನ ಕೆಲಸ.

ಮರಿಸಿದ್ದಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡು ಬಟ್ಟಲನ್ನು ಎತ್ತಿ ಅವಳ ಕೈಗೇ ಕೊಟ್ಟ.

"ತಕ್ಕೊಂಡೋಗು ಮೊಗಾ. ಇನ್ನೂ ಬೆಚ್ಚಗದೆ. ಸಿವರಾತ್ರಿ ಆದ್ಮ್ಯಾಲೆ ಕೊಯ್ದಾಗ್ಲೂ ಅವ್ಳಿಗೇ ಕೊಟ್ಟೋ. ನೀನ್ ಏಳಿದ್ ಮ್ಯಾಲೆ ಮುಗೀತು, ಕೇರೀಲಿ ಯಾರೂ ತಿಲ್ಲಿ ಮುಟ್ಟಿಲ್ಲ."

"ನಾನಾ? ನಾನೇನ್ ಹೇಳಿದೆ ಮಾವಾ?"

"ತಿಲ್ಲೀಲಿ ಸಕ್ತಿ ಅದೆ, ಕ್ಯಾನ್ಸರ್‌ನ ತಿಂದಾಕ್ತದೆ ಅಂತ ನೀನೇ ಅಲ್ವಾ ಏಳಿದ್ದು? ಚಲುವಕ್ಕ ಎಲ್ರಿಗೂ ಏಳ್ತಾಳೆ, ನಮ್ಮುಡುಗಿ ಕಂಡಿಡ್ದವ್ಳೆ ಅಂತ."

"ಅದ್ಕೇ ನೋಡು, ಎಂಗ್ ಕಳೆ ಬಂದದೆ ಅವ್ಳಿಗೆ," ಎಂದಳು ಇಂದ್ರಮ್ಮ. "ತಲೆ ತುಂಬ ಕೂದ್ಲು ಬಂದದೆ ಕಣವ್ವಾ! ನೀನೇ ನೋಡೀಯೆ ಓಗು."

ಕೂದಲು ಎಂದದ್ದು ಕೇಳಿದ ಅರುಂಧತಿ ಅಲ್ಲಿ ನಿಲ್ಲಲಿಲ್ಲ. ಬಟ್ಟಲು ಹಿಡಿದು ಬಿರಬಿರನೆ ನಡೆದಳು.

ಚಲುವಮ್ಮ ಅವಳ ದೊಡ್ಡವ್ವ, ತಾಯಿಯ ಅಕ್ಕ. ತಂಗಿ ತೀರಿಕೊಂಡಾಗ ಮಳವಳ್ಳಿಗೆ ಹೋಗಿ, ತೊಡೆಯೆತ್ತರದ ಈ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಬಂದವಳು. ಆತಗೂರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಲೇ ತನ್ನ ಮಗ ಮಹದೇವುವನ್ನೂ ಇವಳನ್ನೂ ಬೆಳೆಸಿದಳು. ಎರಡು ವರ್ಷದ ಹಿಂದೆ ಎದೆಯಲ್ಲಿ ಗಂಟು ಕಂಡಿತು. ಮಂಡ್ಯದ ಆಸ್ಪತ್ರೆಯಲ್ಲಿ ಎದೆ ತೆಗೆದರು, ಕಿಮೋ ಕೊಟ್ಟರು, ರೇಡಿಯೇಶನ್ನಿನ ಕರೆಂಟು ಕೊಟ್ಟರು. ಒಂದು ವರ್ಷ ಎಲ್ಲ ಸುಮ್ಮನಿತ್ತು. ದೀಪಾವಳಿಯ ಹೊತ್ತಿಗೆ ಲಿವರಿನಲ್ಲಿ ಕಾಣಿಸಿಕೊಂಡಿತು. ಮತ್ತೆ ಕಿಮೋ ಶುರುವಾಯಿತು. ಸಂಕ್ರಾಂತಿಗೆ ಅರುಂಧತಿ ಬಂದಾಗ ದೊಡ್ಡವ್ವನ ತಲೆ ನುಣ್ಣಗೆ ಬೋಳು. ಟವೆಲು ಸುತ್ತಿಕೊಂಡು, "ನೋಡವ್ವಾ, ಬುದ್ಧನ ಗುಡಿ ಸನ್ಯಾಸಿ ತರಾನೇ ಆಗಿವ್ನಿ," ಎಂದು ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿ ನಗಾಡಿದ್ದಳು.

ಕಿಮೋ ನಡೆಯುತ್ತಲೇ ಇದ್ದಿದ್ದರೆ ಆ ತಲೆಯಲ್ಲಿ ಕೂದಲು ಬರುವಂತಿರಲಿಲ್ಲ.

ಬಂದಿತ್ತು. ಬಾಗಿಲಲ್ಲಿ ಕಾಲು ಚಾಚಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಚಲುವಮ್ಮನ ತಲೆಯ ಮೇಲೆ, ಕಡಿದ ಕಬ್ಬಿನ ಗದ್ದೆಯಲ್ಲಿ ಕೂಳೆ ಚಿಗುರಿದ ಹಾಗೆ, ಕಪ್ಪುಬಿಳುಪಿನ ಕೂದಲು ಒತ್ತಾಗಿ ನಿಂತಿತ್ತು.

"ಬಂದ್ಯಾ ಮೊಗಾ! ಬಾ, ಬಾ. ಮುಟ್ಟಿ ನೋಡಿಲ್ಲಿ." ತಲೆ ಬಗ್ಗಿಸಿದಳು. "ಇಂದ್ರಿ ಅಂತಾಳೆ, ಸಾಯಿಬಾಬನಂಗೆ ಆಗ್ತೀಯ ಇನ್ನೊಸಿ ಬುಟ್ರೆ ಅಂತ."

ಅರುಂಧತಿ ಮುಟ್ಟಿದಳು. ಮೆತ್ತಗಿತ್ತು. ದೊಡ್ಡವ್ವ ಮುಖವೆತ್ತಿ ಬೆಳಕಿಗೆ ತಿರುಗಿದಳು. ಕಣ್ಣಿನ ಬಿಳಿ ಭಾಗ ಬಿಳಿಯಾಗಿರಲಿಲ್ಲ. ಅರಿಶಿನದ ನೀರು ಸೋಕಿದಂತೆ ಇತ್ತು. ಚಾಚಿದ ಕಾಲಿನ ಪಾದ ಊದಿ, ಬೆಳ್ಳಿಯ ಕಾಲುಂಗುರ ಬೆರಳೊಳಗೆ ಹೂತುಹೋಗಿತ್ತು.

"ದೊಡ್ಡವ್ವಾ, ಕಿಮೋಗೆ ಯಾವಾಗ ಹೋಗಿದ್ದೆ?"

"ಅದ್ನ ಆಮ್ಯಾಲೆ ಮಾತಾಡಾನ. ಮೊದ್ಲು ಕಾಲ್ ತೊಳ್ಕೊ, ರಾಗಿಟ್ಟು ತೊಳಸಿವ್ನಿ."

"ಫೋನಲ್ಲಿ ಹೋಗ್ತಿದೀನಿ ಅಂತಲ್ವಾ ಹೇಳ್ತಿದ್ದೆ ನೀನು?"

ಚಲುವಮ್ಮ ಬೆಳ್ಳುಳ್ಳಿಯ ಸಿಪ್ಪೆಯನ್ನು ಮೊರದಿಂದ ಊದಿದಳು. ಮಕ್ಕಳು ಕಳ್ಳತನ ಮಾಡಿ ಸಿಕ್ಕಿಬಿದ್ದಾಗ ನಗುವಂಥ ನಗು ಮುಖದಲ್ಲಿತ್ತು.

"ಓಗಿಲ್ಲ ಕಣವ್ವಾ. ಸಂಕ್ರಾಂತಿ ಆಗಿ ಒಂದ್ಸಲ ಓಗಿದ್ದು, ಆಮ್ಯಾಕೆ ಓಗ್ಲಿಲ್ಲ. ನಿಂಗೆ ಏಳಿದ್ರೆ ನೀನು ಅಲ್ಲಿ ಇಲಿ ಬುಟ್ಟು ಓಡ್ಬತ್ತೀಯ. ನಿನ್ ಕೆಲ್ಸ ಕೆಡ್ತದೆ. ನಿನ್ ಕೆಲ್ಸ ಕೆಟ್ರೆ ನನ್ ಔಸ್ದಿ ಕೆಡ್ತದೆ. ಲೆಕ್ಕ ಸರೀಗದೆ ಅಲ್ವಾ?"

"ಯಾಕ್ ಹೋಗ್ಲಿಲ್ಲ?"

"ಅಲ್ಲ, ನೀನೇ ಅಲ್ವಾ ಅಂದಿದ್ದು," ಎಂದಳು ಚಲುವಮ್ಮ ನಿಜವಾಗಿ ಬೆರಗಾಗಿ. "ಕಿಮೋ ಕೊಟ್ರೆ ತಿಲ್ಲಿ ಒಳಗಿರವೂ ಸಾಯ್ತವೆ, ಆಮ್ಯಾಕೆ ನಿಮ್ ಔಸ್ದಿ ಎಬ್ಬಿಸಾದು ಯಾರ್ನ ಅಂತ. ಅದ್ಕೇ ಬುಟ್ಟೆ. ನೀನು ಬರಾವರ್ಗೂ ನನ್ ತಿಲ್ಲೀನ ಕಾಪಾಡ್ಕಂಡಿವ್ನಿ. ಕೇರಿಯೋರೂ ತಿನ್ಸಿ ತಿನ್ಸಿ ಗಟ್ಟಿ ಮಾಡವ್ರೆ. ಈಗ ನೀನ್ ಬಂದ್ಯಲ್ಲ, ಚುಚ್ಚು."

ಅರುಂಧತಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಬಟ್ಟಲು ಇನ್ನೂ ಕೈಯಲ್ಲೇ ಇತ್ತು.

ಸಂಕ್ರಾಂತಿಯ ಸಂಜೆ ಇದೇ ಹೊಸ್ತಿಲಲ್ಲಿ ಕೂತು ಅವಳು ಹೇಳಿದ್ದಳು. ಆಗ ಅವಳಿಗೆ ಹೇಳದೆ ಇರಲು ಆಗುತ್ತಿರಲಿಲ್ಲ. ಮೊದಲ ತಂಡದ ಇಲಿಗಳಲ್ಲಿ ಉಪ್ಪುನೀರು ಚುಚ್ಚಿದವುಗಳ ಗಡ್ಡೆ ಬೆಳೆಯುತ್ತ ಹೋಗಿ, ಔಷಧಿ ಚುಚ್ಚಿದವುಗಳ ಗಡ್ಡೆ ನಿಂತುಬಿಟ್ಟಿತ್ತು. ಕೆಲವದರಲ್ಲಿ ಕೈಗೆ ಸಿಗದಷ್ಟು ಕರಗಿತ್ತು. ಅವರ ಪ್ರೊಫೆಸರರು ಎಂದೂ ನಗದವರು, ಅಂದು ಎಲ್ಲರಿಗೂ ಕಾಫಿ ತರಿಸಿದ್ದರು. ಕೊಬ್ಬಿನ ಸಣ್ಣ ಗುಳ್ಳೆಯಲ್ಲಿ ಔಷಧಿ ಅಡಗಿಸಿ ಕಳಿಸಿದರೆ ಅದು ನೆಟ್ಟಗೆ ತಿಲ್ಲಿಗೆ ಹೋಗುತ್ತದೆ, ಅಲ್ಲಿ ಮಲಗಿರುವ ಕಣಗಳನ್ನು ಎಬ್ಬಿಸುತ್ತದೆ ಎಂದು ಅವಳು ಕೈಯಾಡಿಸಿ ವಿವರಿಸಿದ್ದಳು. ದೊಡ್ಡವ್ವ ಗಲ್ಲಕ್ಕೆ ಕೈಕೊಟ್ಟು ಕೇಳಿ, ಕೊನೆಗೆ, "ಅಂದ್ರೆ ಬೂದಿ ಮುಚ್ಚಿದ ಕೆಂಡ ಇರ್ತದೆ, ಅದ್ನ ಊದಿದಂಗೆ," ಎಂದಿದ್ದಳು. ಎಷ್ಟು ಸರಿಯಾಗಿ ಹೇಳಿದಳೆಂದು ಅರುಂಧತಿ ಅವಳನ್ನು ತಬ್ಬಿಕೊಂಡಿದ್ದಳು. ಇದು ಇಲಿಯಲ್ಲಿ ಮಾತ್ರ, ಮನುಷ್ಯರಿಗೆ ಬರಲು ಹತ್ತು ವರ್ಷವೋ ಹದಿನೈದೋ, ಬಾರದೆಯೂ ಇರಬಹುದು ಎಂದೂ ಹೇಳಿದ್ದಳು. ಹೇಳಿಯೇ ಇದ್ದಳು. ಆದರೆ ಅಷ್ಟು ಖುಷಿಯ ದನಿಯಲ್ಲಿ ಹೇಳಿದ ಮಾತಿನ ಬಾಲದಲ್ಲಿ ಬಂದ ಎಚ್ಚರಿಕೆ ಯಾರ ಕಿವಿಯಲ್ಲಿ ನಿಲ್ಲುತ್ತದೆ?

ಆಮೇಲೆ ಒಂದು ದಿನ ಪಂಜರ ತೊಳೆಯುತ್ತಿರುವಾಗ ಫೋನು ಬಂದಿತ್ತು. "ನಿನ್ ಇಲಿಗೋಳ್ಗೂ ಕಿಮೋ ಕೊಡ್ತೀರೇನವ್ವಾ?" ಎಂದು ದೊಡ್ಡವ್ವ ಕೇಳಿದ್ದಳು. ಇಲ್ಲ ದೊಡ್ಡವ್ವ, ಕಿಮೋ ಕೊಟ್ಟರೆ ಗುಲ್ಮದ ಕಣಗಳೂ ಸಾಯುತ್ತವೆ, ಆಮೇಲೆ ನಮ್ಮ ಔಷಧಿ ಎಬ್ಬಿಸುವುದು ಯಾರನ್ನು ಎಂದು ಅವಳು ನಕ್ಕಿದ್ದಳು. ಇಲಿಯ ಬಗ್ಗೆ ಕೇಳಿದ ಪ್ರಶ್ನೆಗೆ ಇಲಿಯ ಉತ್ತರ.

ಹಿತ್ತಲಲ್ಲಿ ಗೂಡ್ಸ್ ಆಟೋ ನಿಂತ ಸದ್ದಾಯಿತು. ಮಹದೇವು. ಮದ್ದೂರಿನ ಎಳನೀರು ಮಾರ್ಕೆಟ್ಟಿಗೆ ಲೋಡು ಹೊಡೆಯುವುದು ಅವನ ಕೆಲಸ; ಹಬ್ಬದ ದಿನವೂ ಬೆಳಿಗ್ಗೆ ಒಂದು ಟ್ರಿಪ್ಪು ಹೋಗಿಬಂದಿದ್ದ. ಅರುಂಧತಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹಿಂದಕ್ಕೆ ಹೋದಳು.

"ಅಣ್ಣಾ, ನಿಂಗಾದ್ರೂ ಬುದ್ಧಿ ಬೇಡ್ವಾ? ಕಿಮೋ ಬಿಟ್ಟಿದಾಳೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

ಮಹದೇವು ಆಟೋದ ಹಿಂಬದಿಯ ಹಲಗೆ ಏರಿಸಿ ಚಿಲಕ ಹಾಕುತ್ತಿದ್ದವನು ಹಾಗೇ ನಿಂತ. ನಿದ್ದೆಗೆಟ್ಟ ಮುಖ.

"ಬೈಯಿ. ಬೈಯಮ್ಮ ತಾಯಿ. ಓದಿರೋಳು ನೀನು. ನೀನ್ ಒಂದ್ ಮಾತಂದ್ರೆ ಈ ಮನೇಲಿ ಅದೇ ಅಲ್ವಾ ಕಾನೂನು? ನಮ್ಮವ್ವ ಏಳಿದ್ಳು, ಅರುಂಧತಿ ಬ್ಯಾಡ ಅಂದವ್ಳೆ ಅಂತ. ನಾನು ಎಳನೀರು ಕೊಚ್ಚೋನು, ನಂಗೇನ್ ಗೊತ್ತು ತಿಲ್ಲಿ ಒಳಗ್ ಏನದೆ ಅಂತ?"

"ನಾನು ಬೇಡ ಅನ್ಲಿಲ್ಲ!"

"ಅಂದಂಗಾಯ್ತಲ್ಲ."

ಒಳಗಿನಿಂದ ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳುತ್ತಿತ್ತು. ಎರಡು ಏಟು, ಉಸಿರು ತೆಗೆದುಕೊಳ್ಳಲು ಬಿಡುವು, ಮತ್ತೆರಡು ಏಟು.

"ಬಾ, ಈಗ್ಲೇ ಹೊರಡೋಣ," ಎಂದಳು ಅರುಂಧತಿ. "ನಿನ್ ಆಟೋದಲ್ಲೇ ಹೋಗಣ. ಮತ್ತೆ ಶುರು ಮಾಡ್ಸಿದ್ರಾಯ್ತು."

"ಓಗಿದ್ದೆ." ಅವನು ಹಲಗೆಯ ಮೇಲೆ ಕೂತ. "ಕಾಲ್ ಊದ್ಕತು ಅಂತ ಓದ್ವಾರ ನಾನೇ ಹಟ ಮಾಡಿ ಮಂಡ್ಯಕ್ ಕರ್ಕೊಂಡೋಗಿದ್ದೆ. ಸ್ಕ್ಯಾನ್ ಮಾಡಿದ್ರು. ಅವ್ವನ್ನ ಆಚೆ ಕೂರ್ಸಿ ನನ್ ಒಬ್ಬನ್ನೇ ಒಳೀಕ್ ಕರುದ್ರು. ಒಳ್ಳೆ ಮನ್ಸ ಡಾಕ್ಟ್ರು, ಬೈಲಿಲ್ಲ. ಬೈದಿದ್ರೇ ಆಯ್ತಿತ್ತು. ಲಿವರ್ ತುಂಬೋಗದೆ, ಈಗ ಆ ಔಸ್ದಿ ತಡ್ಕಳಾ ಸಕ್ತಿ ಇಲ್ಲ, ನೋವಾಗ್ದಂಗೆ ಮಾತ್ರೆ ಕೊಡ್ತೀನಿ, ಮನೇಲಿ ಚೆನ್ನಾಗ್ ನೋಡ್ಕಳಿ ಅಂದ್ರು. ಅವ್ವಂಗೆ ಏಳಿಲ್ಲ. ಪಿತ್ತ ಆಗದೆ ಅಂದ್ರು ಅಂತ ಸುಳ್ಳೇಳಿದೆ."

ಅರುಂಧತಿ ಆಟೋದ ಕಂಬಿ ಹಿಡಿದುಕೊಂಡಳು.

"ಈಗ ಉಳ್ದಿರಾದು ನಿನ್ ಔಸ್ದಿ ಒಂದೇ ಕಣವ್ವಾ," ಎಂದ ಮಹದೇವು. ದನಿ ಇದ್ದಕ್ಕಿದ್ದಂತೆ ಸಣ್ಣದಾಗಿತ್ತು. "ಮನುಸ್ರಿಗೆ ಕೊಡಂಗಿಲ್ಲ ಅಂತ ನೀನ್ ಏಳಿದ್ದು ಗೊತ್ತದೆ ನಂಗೆ. ಕಾನೂನು ಗೀನೂನು. ಸಾಯೋರಿಗೆ ಎಂಥ ಕಾನೂನು? ಒಂದ್ ಸೀಸೆ ಎತ್ಕೊಂಡ್ ಬಂದ್ಬುಡು. ನಾನೇ ಬತ್ತೀನಿ ಬೇಕಾದ್ರೆ, ರಾತ್ರೋರಾತ್ರಿ. ಯಾರಾರ ಕೇಳಿದ್ರೆ ನಾನೇ ಕದ್ದೆ ಅಂತೀನಿ."

"ಅಣ್ಣಾ."

"ಏನು?"

"ಅದು ಕೆಲ್ಸ ಮಾಡಲ್ಲ."

ಅದನ್ನು ಹೇಳಲೆಂದೇ ಅವಳು ಬಂದದ್ದು. ಬಸ್ಸಿನಲ್ಲಿ ಇಡೀ ದಾರಿ ಹೇಗೆ ಹೇಳುವುದೆಂದು ಯೋಚಿಸಿಕೊಂಡೇ ಬಂದಿದ್ದಳು. ಎರಡನೆಯ ಸಲ ಹೊಸ ಇಲಿಗಳ ತಂಡ ತಂದು, ಅದೇ ಔಷಧಿ, ಅದೇ ಅಳತೆ, ಅದೇ ಕೈಯಿಂದ ಚುಚ್ಚಿದ್ದರು. ಉಪ್ಪುನೀರಿನ ಇಲಿಗಳಲ್ಲಿ ಗಡ್ಡೆ ಬೆಳೆಯಿತು. ಔಷಧಿಯ ಇಲಿಗಳಲ್ಲೂ ಬೆಳೆಯಿತು. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಗುಲ್ಮ ಎದ್ದಿತ್ತು, ಊದಿಯೂ ಇತ್ತು. ಎದ್ದ ಕಣಗಳು ಮಾತ್ರ ಗಡ್ಡೆಯ ಕಡೆ ಹೋಗದೆ ಅಲ್ಲೇ ಸುತ್ತಾಡಿಕೊಂಡಿದ್ದವು. ಮೊದಲ ಸಲ ಹಾಗೇಕಾಯಿತೋ ಯಾರಿಗೂ ಗೊತ್ತಿಲ್ಲ. ಅದೃಷ್ಟ ಎಂದರು ಪ್ರೊಫೆಸರರು. ಈ ಸಲ ಕಾಫಿ ತರಿಸಲಿಲ್ಲ.

ಎಲ್ಲ ಕೇಳಿದ ಮಹದೇವು ಹಲಗೆಯಿಂದ ಎದ್ದು, ಅಡುಗೆಮನೆಯ ಕಡೆಗೊಮ್ಮೆ ನೋಡಿ, ಪಿಸುದನಿಯಲ್ಲಿ ಹೇಳಿದ:

"ಒಂದ್ ಕೆಲ್ಸ ಮಾಡು. ಸುಮ್ನೆ ಒಂದ್ ಸೂಜಿ ಚುಚ್ಬುಡು. ನೀರಾದ್ರೂ ಸರಿ. ಆ ಉಪ್ಪುನೀರೇ ಆಗ್ಲಿ. ನಮ್ಮುಡುಗಿ ಔಸ್ದಿ ತಂದ್ಳು, ಚುಚ್ಚಿದ್ಳು ಅಂತಾದ್ರೂ ಇರ್ತಾಳೆ ಇರೋಗಂಟ. ಅಷ್ಟೂ ಮಾಡಾಕಿಲ್ವಾ?"

ಅರುಂಧತಿಗೆ ಅಳುವಿನ ಬದಲು ನಗು ಬಂದಂತಾಯಿತು. ಉಪ್ಪುನೀರು ಚುಚ್ಚಿದರೆ ಮೋಸವೇನೂ ಆಗುತ್ತಿರಲಿಲ್ಲ. ಎರಡೂ ಒಂದೇ ಎಂದು ತಿಂಗಳುಗಟ್ಟಲೆ ಅಳೆದು ನೋಡಿದ ಮೇಲೆ ಅವಳೇ ಬರೆದುಕೊಟ್ಟಿದ್ದಳು.

"ನೋಡ್ತೀನಿ," ಎಂದಳು. ಒಳಗೆ ಹೋಗುವಾಗ, ಚುಚ್ಚಿಬಿಡೋಣ ಎಂದೇ ಅವಳ ಮನಸ್ಸಿನಲ್ಲಿತ್ತು. ಆತಗೂರಿನ ಔಷಧಿ ಅಂಗಡಿಯಲ್ಲಿ ಸಿರಿಂಜು ಸಿಗುತ್ತದೆ.

ಚಲುವಮ್ಮ ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದಳು. ಮಸಾಲೆಯನ್ನು ಒಂದು ಕಡೆ ಇಟ್ಟು, ಎಡಗೈಯನ್ನು ಪಕ್ಕೆಯ ಮೇಲೆ, ಎಲುಬಿನ ಕೆಳಗೆ ಒತ್ತಿಕೊಂಡಿದ್ದಳು. ತಿಲ್ಲಿ ಎಲ್ಲಿದೆ ಎಂದು ಸಂಕ್ರಾಂತಿಯಲ್ಲಿ ಅರುಂಧತಿಯೇ ತೋರಿಸಿದ್ದ ಜಾಗ.

"ಇಲ್ಲೇ ಅಲ್ವಾ? ದಿನಾ ಒಂದ್ಸಲ ಮುಟ್ಕಂಡು ಮಾತಾಡಿಸ್ತೀನಿ. ಏಳು ತಾಯಿ, ಎಸ್ಟೊತ್ತು ಮಲಗ್ತೀಯ ಅಂತ." ನಕ್ಕಳು. "ಏನ್ ಗುಸುಗುಸು ನಿಮ್ದು ಇತ್ಲಲ್ಲಿ?"

"ಏನಿಲ್ಲ ದೊಡ್ಡವ್ವ."

"ನಂಗೊಂದು ಏಳು. ಕೇಳ್ಬೇಕು ಅಂತ್ಲೇ ಇದ್ದೆ. ಮೊದ್ಲು ವಾಸಿಯಾದ್ವಲ್ಲ ಆ ಇಲಿಗೋಳು, ಗಡ್ಡೆ ಕರಗೋಯ್ತು ಅಂದ್ಯಲ್ಲ. ಅವು ಎಲ್ಲವೆ ಈಗ?"

ಅರುಂಧತಿ ಬಾಗಿ, ನೆಲದ ಮೇಲಿನ ಬೆಳ್ಳುಳ್ಳಿಯ ಸಿಪ್ಪೆ ಆಯತೊಡಗಿದಳು.

"ಒಲಕ್ಕೆ ಬುಟ್ರಾ? ಇಲ್ಲ ಅಲ್ಲೇ ಸಾಕ್ಕಂಡಿದೀರಾ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅಲ್ಲೇ ಇವೆ, ಚೆನ್ನಾಗಿವೆ ಎಂದರೆ ಮುಗಿಯುತ್ತಿತ್ತು. ಆದರೆ ಆ ಹಳದಿ ಕಣ್ಣು ಅವಳನ್ನೇ ನೋಡುತ್ತಿತ್ತು; ಕಪ್ಪುಹಲಗೆಯಲ್ಲಿ ಬರೆದ ಲೆಕ್ಕ ತಪ್ಪೋ ಸರಿಯೋ ಎಂದು ಕೇಳಲು ಅವಳು ಓಡಿ ಬರುತ್ತಿದ್ದಾಗ ಬಿಸಿಯೂಟದ ಕೋಣೆಯ ಹೊಗೆಯಿಂದ ನೋಡುತ್ತಿದ್ದ ಅದೇ ಕಣ್ಣು.

"ಇಲ್ಲ ದೊಡ್ಡವ್ವ. ಅವು ಇಲ್ಲ."

"ಸತ್ವಾ? ಮತ್ತೆ ಬಂತಾ ಗಡ್ಡೆ?"

"ಬರ್ಲಿಲ್ಲ. ನಾವೇ... ತಿಲ್ಲಿ ತೆಗೆದು ನೋಡ್ಬೇಕಿತ್ತು. ಒಳಗೆ ಏನಾಗಿದೆ ಅಂತ. ಅದಕ್ಕೆ ಕೊಲ್ಲಲೇಬೇಕು."

"ವಾಸಿಯಾದುವ್ನೂವಾ?"

"ಹೂಂ. ಎಲ್ಲವನ್ನೂ."

ಚಲುವಮ್ಮ ಪಕ್ಕೆಯ ಮೇಲಿನ ಕೈ ತೆಗೆದಳು. ಒಲೆಯಲ್ಲಿ ಒಂದು ಸೌದೆ ಜಾರಿತು. ಅಭ್ಯಾಸಬಲದಿಂದ ಅದನ್ನು ಒಳಕ್ಕೆ ನೂಕಿದಳು.

"ಅಯ್ಯೋ. ನಾನು ದಿನಾ ನೆನೀತಿದ್ದೆ ಕಣವ್ವಾ ಅವುನ್ನ. ಎಲ್ಲೋ ಓಡಾಡ್ಕಂಡವೆ, ಕಾಳು ತಿನ್ಕಂಡವೆ, ಮರಿ ಆಕ್ಕಂಡವೆ ಅಂತ. ನಿದ್ದೆ ಬರ್ದಿದ್ದಾಗ ಅದ್ನೇ ನೆನ್ಸ್ಕಂಡ್ ಮಲಗ್ತಿದ್ದೆ."

ಅಷ್ಟಾದ ಮೇಲೆ ಅರುಂಧತಿಗೆ ಉಳಿದದ್ದನ್ನು ಮುಚ್ಚಿಡಲು ಆಗಲಿಲ್ಲ. ಎರಡನೆಯ ತಂಡದ ಮಾತು ಹೇಳಿದಳು. ಔಷಧಿ ಇಲ್ಲ, ಇದ್ದರೂ ಪ್ರಯೋಜನವಿಲ್ಲ ಎಂದಳು. ಕುರಿಯ ತಿಲ್ಲಿ ತಿಂದರೆ ಅದು ಬರಿಯ ಊಟ ಎಂದಳು. ಫೋನಿನಲ್ಲಿ ತಾನು ಹೇಳಿದ್ದು ಇಲಿಯ ಮಾತು, ನಿನ್ನ ಮಾತಲ್ಲ ಎಂದು ಹೇಳಹೋಗಿ, ಅರ್ಧಕ್ಕೇ ನಿಂತಳು.

ಚಲುವಮ್ಮ ಎಲ್ಲವನ್ನೂ ಕೇಳಿದಳು. ಮಧ್ಯೆ ಬಾಯಿ ಹಾಕಲಿಲ್ಲ, ಅದೇ ವಿಚಿತ್ರ. ಅವಳು ಯಾರ ಮಾತನ್ನೂ ಕೊನೆವರೆಗೆ ಬಿಟ್ಟವಳಲ್ಲ.

"ಮಾದೇವ ಪಿತ್ತ ಅಂದ," ಎಂದಳು ಕೊನೆಗೆ. "ಸುಳ್ಳೇಳಾಕೆ ಬರಾಕಿಲ್ಲ ಆ ಮುಂಡೇದುಕ್ಕೆ. ಮಂಡ್ಯದಿಂದ ಬರ್ತಾ ಮದ್ದೂರಲ್ಲ್ ನಿಲ್ಸಿ, ಕೇಳ್ದಲೇ ವಡೆ ಕೊಡಿಸ್ದ. ಆಗ್ಲೇ ಗೊತ್ತಾಯ್ತು." ಮಸಾಲೆಯನ್ನು ಹತ್ತಿರಕ್ಕೆಳೆದುಕೊಂಡು, "ಆದ್ರೂ ನೀನಿದ್ದೆ ಅಂತ ಇದ್ದೆ."

"ದೊಡ್ಡವ್ವಾ, ನನ್ನಿಂದ್ಲೇ..."

"ಸುಮ್ಕಿರು. ನೀನೇನ್ ಬೇಕಂತ ಮಾಡ್ದ್ಯಾ? ನಾನ್ ಕೇಳಿದ್ದು ಇಲಿ ಕತೆ, ಕೇಳುಸ್ಕಂಡಿದ್ದು ನನ್ ಕತೆ." ಎದ್ದೇಳಲು ನೆಲಕ್ಕೆ ಕೈಯೂರಿದಳು, ಆಗಲಿಲ್ಲ, ಮತ್ತೆ ಕೂತಳು. "ಬೇಕಾದ್ರೆ ನಾನೋದ್ ಮ್ಯಾಕೆ ನಂದೂ ತೆಗ್ದು ನೋಡು. ಕೇರಿ ಕುರಿಯೆಲ್ಲಾ ತಿಂದಿರಾ ತಿಲ್ಲಿ. ನಿನ್ ಓದಿಗಾದ್ರೂ ಆಯ್ತದೆ."

"ದೊಡ್ಡವ್ವಾ!"

"ತಮಾಸೆಗಂದೆ ಬುಡವ್ವಾ. ಅಳ್ಬೇಡ, ಮಸಾಲೆ ಮುಂದೆ ಅಳಬಾರ್ದು." ಸೆರಗಿನಿಂದ ಅವಳ ಮುಖ ಒರೆಸಿದಳು, ಸೆರಗಿಗೆ ಬೆಳ್ಳುಳ್ಳಿಯ ವಾಸನೆ. "ಆ ಬಟ್ಲು ಎಲ್ಲಿಟ್ಟೆ? ತಕ್ಕೊಂಡೋಗಿ ಸಿದ್ದಯ್ಯಂಗೆ ಕೊಡು. ಎಲ್ಲಾ ಗುಡ್ಡೆಗೂ ಆಕ್ಲಿ. ಈಟು ದಿನ ಎಲ್ರ ಪಾಲೂ ನಾನೇ ತಿಂದೆ, ಸಾಲದಾ? ಬಾಯಿಗೂ ಸೇರ್ತಿರ್ಲಿಲ್ಲ ಕಣೆ, ಔಸ್ದಿ ಅಂತ ಕಣ್ಮುಚ್ಕಂಡ್ ನುಂಗ್ತಿದ್ದೆ."

ಅರುಂಧತಿ ಬಟ್ಟಲು ತೆಗೆದುಕೊಂಡು ಹೊರಬಂದಳು. ಮಹದೇವು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿರಬೇಕು. ಅವಳ ಕಡೆ ನೋಡಲಿಲ್ಲ. ಮನೆಮನೆಯಿಂದಲೂ ಬಾಡಿನ ಒಗ್ಗರಣೆಯ ಘಮ ಬರುತ್ತಿತ್ತು. ಇಂದ್ರಮ್ಮ ಬಾಗಿಲಿಗೆ ಬಂದು, ಏನೋ ಕೂಗಿ ಕೇಳಲು ಬಾಯಿ ತೆರೆದವಳು, ಬಟ್ಟಲು ಹಿಂದಕ್ಕೆ ಹೋಗುತ್ತಿರುವುದನ್ನು ಕಂಡು ಹಾಗೇ ನಿಂತಳು.

ಹೊಂಗೆಮರದ ಕೆಳಗೆ ಗುಡ್ಡೆಗಳೆಲ್ಲ ಮನೆ ಸೇರಿ ಆಗಿತ್ತು. ಮರಿಸಿದ್ದಯ್ಯ ಟಾರ್ಪಾಲು ತೊಳೆದು ಒಣಹಾಕಿ, ಕೊರಡನ್ನು ಮಣ್ಣು ಹಾಕಿ ಉಜ್ಜುತ್ತಿದ್ದ. ಮಚ್ಚು ತೊಳೆದು ಮರಕ್ಕೆ ಒರಗಿಸಿದ್ದ.

"ಯಾಕ್ ಮೊಗಾ?"

"ದೊಡ್ಡವ್ವ ಕಳ್ಸಿದ್ಳು. ಎಲ್ಲಾ ಮನೆಗೂ ಪಾಲು ಹಾಕ್ಬೇಕಂತೆ."

ಅವನು ಬಟ್ಟಲನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಉಜ್ಜಿದ್ದ ಕೊರಡಿಗೆ ಒಂದು ಚೊಂಬು ನೀರು ಸುರಿದು, ಅಂಗೈಯಲ್ಲಿ ಸವರಿ, ಮಚ್ಚನ್ನು ಮತ್ತೆ ಕೈಗೆ ತೆಗೆದುಕೊಂಡ. ಮೂರು ತಿಲ್ಲಿಗಳೂ ಆರಿ, ಮೇಲ್ಮೈ ಸುಕ್ಕುಗಟ್ಟಿದ್ದವು. ಹುಣಸೆಬೀಜದಷ್ಟು ಚೂರುಗಳಾಗಿ ಕತ್ತರಿಸತೊಡಗಿದ. ಅರುಂಧತಿ ಪಕ್ಕದಲ್ಲಿ ಕೂತು, ಉಳಿದಿದ್ದ ಬಾಳೆಯೆಲೆಯನ್ನು ಹರಿದು, ಮನೆಗೊಂದರಂತೆ ಸಾಲಾಗಿ ಇಡುತ್ತ ಹೋದಳು. ಇಂದ್ರಮ್ಮನ ಮನೆ, ಚಿಕ್ಕಬೋರಯ್ಯನ ಮನೆ, ಕಟ್ಟೆಯ ಮನೆ, ಕೊಳಾಯಿ ಮನೆ.

ಅವನು ಚೂರುಗಳನ್ನು ಸಮಪಾಲು ಮಾಡಿ, ಒಂದೊಂದು ಎಲೆಗೂ ಒಂದೊಂದು ಪಾಲು ಹಾಕುತ್ತ ಸಾಲಿನ ಕೊನೆಗೆ ಬಂದ. ಕೈಯಲ್ಲಿ ಒಂದು ಪಾಲು ಉಳಿಯಿತು.

"ಚಲುವಕ್ಕನ್ನ ಸೇರ್ಸಿ ತಾನೆ ಎಲೆ ಆಕಿದ್ದು?" ಎಂದ.

ಅರುಂಧತಿ ಸಾಲನ್ನು ನೋಡಿದಳು. "ಇಲ್ಲ, ಮಾವ. ಮರ್ತೋಯ್ತು."

ಮರಿಸಿದ್ದಯ್ಯ ಮೊಣಕಾಲಿಗೆ ಕೈಕೊಟ್ಟು ಎದ್ದ. ಬೇಲಿಯ ಬಾಳೆಗಿಡದವರೆಗೆ ಕುಂಟುತ್ತ ಹೋಗಿ, ಒಂದು ಎಲೆಯ ತುದಿಯನ್ನು ಹರಿದುಕೊಂಡು ಬಂದು, ಪಂಚೆಗೆ ಒರೆಸಿ, ಸಾಲಿನ ಕೊನೆಯಲ್ಲಿ ಹಾಸಿದ.